ಕೂರಬಾರದ ಕುರ್ಚಿ

ಪೆನ್‌ಕೋರ್ ಹೌಸಿನ ದೊಡ್ಡ ಕೋಣೆಗೆ ಹ್ಯಾಮಿಶ್ ಕಾಲಿಟ್ಟಾಗ, ಐವತ್ತು ವರ್ಷಗಳಿಂದ ಯಾರೂ ಕೂರದ ಕುರ್ಚಿಯಲ್ಲಿ ಒಬ್ಬಳು ಹಾಯಾಗಿ ಕೂತಿದ್ದಳು. ಪಕ್ಕದಲ್ಲಿ ಬಿಳಿ ಕೋಲು, ತೊಡೆಯ ಮೇಲೆ ಬ್ಯಾಂಕ್ಸಿಯಾ ಮರದ ಒರಟು ಕಾಯಿ. ಆ ಕಾಯಿಯನ್ನು ಅವಳು ಎರಡೂ ಕೈಯಿಂದ ಎಷ್ಟು ಅಕ್ಕರೆಯಿಂದ ತಡವುತ್ತಿದ್ದಳೆಂದರೆ, ಗದರಲು ತೆರೆದ ಅವನ ಬಾಯಿ ಹಾಗೇ ನಿಂತಿತು.

ಟೇಮರ್ ನದಿಯ ದಂಡೆಯ ಈ ಹಳೆಯ ಮನೆಯಲ್ಲಿ ‘ಕೂರಬೇಡಿ’ ಎಂದು ಬೋರ್ಡು ನೇತುಹಾಕಿದರೆ ಅಂದಗೆಡುತ್ತದೆ. ಅದಕ್ಕೇ ಹಳೆಯ ಕುರ್ಚಿಗಳ ಮೇಲೆಲ್ಲ ಒಂದೊಂದು ಕಾಯಿ. ಕಂಡವರು ಕೂರುವುದಿಲ್ಲ. ಕಾಣದವರು ಏನು ಮಾಡಬೇಕು ಅನ್ನೋದು ಮಾತ್ರ ಇಷ್ಟು ವರ್ಷಗಳಲ್ಲಿ ಯಾವ ಪುಣ್ಯಾತ್ಮನ ತಲೆಗೂ ಹೊಳೆದಿರಲಿಲ್ಲ, ನೋಡಿ.

“ಇದನ್ನ ಇಟ್ಟಿದ್ದು ನೀವೇನಾ?” ಹೆಜ್ಜೆ ಸಪ್ಪಳಕ್ಕೆ ಅವಳು ಮುಖ ಎತ್ತಿದಳು. “ಬಂದಾಗಿಂದ ಬರೀ ಹಗ್ಗ, ಗಾಜು, ಮುಟ್ಬೇಡಿ. ನಮ್ಮಂಥವರಿಗೂ ಮುಟ್ಟೋಕೆ ಒಂದು ಇರ್ಲಿ ಅಂತ ಯಾರಿಗೋ ಅನ್ನಿಸ್ತಲ್ಲ, ಸಾಕು.”

ಹೇಳಿ ನಕ್ಕಳು. ಆ ನಗು ಹ್ಯಾಮಿಶ್‌ನ ಬುದ್ಧಿಯನ್ನು ಕೆಡಿಸಿತು.

“ಹೌದು,” ಅಂದುಬಿಟ್ಟ. “ನಾನೇ ಇಟ್ಟಿದ್ದು.”

ಹ್ಯಾಮಿಶ್ ವಾರವೆಲ್ಲ ದೋಣಿ ರಿಪೇರಿ ಮಾಡುವವನು. ಶನಿವಾರ ಮಾತ್ರ ಬಂದವರಿಗೆ ಈ ಮನೆ ತೋರಿಸುತ್ತಿದ್ದ. ಅವಳ ಹೆಸರು ಮೆರಿನ್. ಅಕ್ಕ ಕಾರಿನಲ್ಲಿ ಬಿಟ್ಟುಹೋಗಿದ್ದಾಳೆ, ನಾಲ್ಕಕ್ಕೆ ಬರುತ್ತಾಳೆ. ಅವನು ಅವಳ ಕೈ ಹಿಡಿಯಹೋದ. ಹಾಗಲ್ಲ, ನಾನು ನಿಮ್ಮ ಮೊಣಕೈ ಹಿಡಿತೀನಿ, ನೀವು ಸುಮ್ಮನೆ ನಡೀರಿ ಎಂದು ಅವಳೇ ತಿದ್ದಿದಳು. ಆಮೇಲೆ ಅವನಿಗೆ ನಡೆಯುವುದು ಹೇಗೆಂಬುದೇ ಮರೆತುಹೋಯಿತು.

ನಡೆಯುತ್ತಲೇ ಅವಳು ತನ್ನ ಸಂಗತಿ ಹೇಳಿದಳು. ಕಾಯಿಲೆ ಬಂದು ಕಣ್ಣು ಹೋಗಿ ಎರಡು ವರ್ಷ. ಊಟ ರುಚಿಸುತ್ತದೆ, ಹಾಡು ಹಿಡಿಸುತ್ತದೆ, ಬದುಕೇನೋ ಸಾಗಿದೆ. ಆದರೆ ಚಿಕ್ಕವಳಿದ್ದಾಗ ಇಂಥ ಮನೆಗಳಲ್ಲಿ ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದಳಲ್ಲ, ಆ ಬೆರಗು ಆಮೇಲೆ ಒಮ್ಮೆಯೂ ಬಂದಿಲ್ಲ. ಅದೂ ಕಣ್ಣಿನ ಜೊತೆಗೇ ಹೋಯಿತೇನೋ ಎಂಬ ಭಯ. ಇವತ್ತು ಇಲ್ಲಿಯೂ ಬಾರದಿದ್ದರೆ ಮತ್ತೆಲ್ಲೂ ಹುಡುಕುವುದಿಲ್ಲ. ಇದನ್ನೆಲ್ಲ ಹಗುರವಾಗಿಯೇ ಹೇಳಿದಳು, ಆದರೆ ಮೊಣಕೈ ಮೇಲಿನ ಬೆರಳು ಬಿಗಿಯಾದವು.

ಸರಿ, ಹ್ಯಾಮಿಶ್ ಶುರುಹಚ್ಚಿಕೊಂಡ. ಗೋಡೆಯ ಬಣ್ಣ, ತೂಗುದೀಪ, ಚಿತ್ರದಲ್ಲಿದ್ದ, ಈ ಮನೆ ಕಟ್ಟಿಸಿದ ಕ್ಯಾಪ್ಟನ್ನನ ಹೆಂಡತಿಯ ಅಪ್ಸರೆಯಂಥ ಚೆಲುವು, ಒಂದಕ್ಕೆರಡು ಸೇರಿಸಿ ಬಣ್ಣಿಸಿದ. ಮೆರಿನ್ ಹೂಂಗುಟ್ಟುತ್ತಾ ಆಕಳಿಕೆ ನುಂಗುತ್ತಿದ್ದಳು.

ಅಷ್ಟರಲ್ಲಿ ಮನೆಯ ಉಸ್ತುವಾರಿ ನೋಡುವ ಮುದುಕಿ ವಿನಿಫ್ರೆಡ್ ದುಸುಮುಸು ಮಾಡುತ್ತಾ ಬಂದಳು. “ಲೋ ಹ್ಯಾಮಿಶ್, ಕ್ಯಾಪ್ಟನ್ ಹೆಂಡ್ತಿ ಕುರ್ಚಿ ಮೇಲಿದ್ದ ಕಾಯಿ ಯಾರೋ ತೆಗೆದಿದ್ದು? ಅದಿಲ್ದಿದ್ರೆ ಬಂದವರೆಲ್ಲ ಕೂತ್ಬಿಡ್ತಾರೆ.”

ಮೊಣಕೈ ಮೇಲಿದ್ದ ಕೈ ಜಾರಿತು.

“ಅದು ಕೂರಬೇಡಿ ಅನ್ನೋದಕ್ಕಾ?” ಮೆರಿನ್ ಕೇಳಿದಳು.

“ಹೌದು.”

“ಎರಡು ವರ್ಷದಿಂದ ಎಲ್ರೂ ನನಗೆ ಮೆತ್ತಗೆ ಸುಳ್ಳು ಹೇಳ್ತಾರೆ. ಏಳ್ರೀ ಅಂದಿದ್ರೆ ಎದ್ದಿರ್ತಿದ್ದೆ.”

ಹ್ಯಾಮಿಶ್‌ಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು. ಆದರೂ ನೆಪ ಹುಡುಕಲಿಲ್ಲ. “ನಿಮ್ಮ ನಗು ಚೆನ್ನಾಗಿತ್ತು. ಅದು ನಿಂತುಹೋಗೋದು ಬೇಡ ಅನ್ನಿಸ್ತು. ತಪ್ಪು ನಂದೇ. ಆ ಚಿತ್ರದಲ್ಲಿರೋಳೂ ಅಪ್ಸರೆ ಅಲ್ಲ, ಹಲ್ಲುನೋವು ಬಂದವಳ ಥರ ಇದಾಳೆ. ಈ ಮನೇಲಿ ನಿಮಗೆ ಏನಿದೆ ಅಂತ ನಂಗೆ ನಿಜವಾಗ್ಲೂ ಗೊತ್ತಿಲ್ಲ. ಹಗ್ಗ ಕಟ್ಟದೇ ಇರೋ ಜಾಗ ಒಂದೇ, ಮನೆ ಹಿಂದಿರೋ ಆಳುಗಳ ಮೆಟ್ಟಿಲು. ಅದನ್ನ ತೋರ್ಸಿ ಅಂತ ಯಾರೂ ಕೇಳಲ್ಲ. ಅಲ್ಲಿ ನೋಡೋಕೆ ಏನೂ ಇಲ್ಲ.”

ಮೆರಿನ್ ಅವನ ದನಿಯತ್ತ ಮುಖ ತಿರುಗಿಸಿದಳು. ತುಟಿಯ ಅಂಚು ಅಲುಗಿತು.

“ನೋಡೋಕೆ ಏನೂ ಇಲ್ವಾ? ಹಾಗಾದ್ರೆ ನನಗೆ ಅದೇ ಸರಿ.”

ಕಿರಿದಾದ ಕಲ್ಲಿನ ಮೆಟ್ಟಿಲು. ಕಿಟಕಿಯಿಲ್ಲ, ಹಳೆಯ ಸುಣ್ಣದ ತಣ್ಣನೆಯ ವಾಸನೆ. ಮೆರಿನ್ ಬೂಟು ಕಳಚಿ ಬರಿಗಾಲಲ್ಲಿ ಹತ್ತತೊಡಗಿದಳು. ಮೂರನೆಯ ಮೆಟ್ಟಿಲಲ್ಲಿ ನಿಂತಳು. ಪಾದ ಅತ್ತಿತ್ತ ಸರಿಸಿದಳು.

ಕಲ್ಲು ಸವೆದಿದೆ ಎಂದು ಹ್ಯಾಮಿಶ್ ಹೇಳಿದ; ಅದು ಅವನಿಗೆ ಗೊತ್ತಿದ್ದದ್ದೇ.

“ಮಧ್ಯದಲ್ಲಿ ಸವೆದಿಲ್ಲ,” ಅಂದಳು. “ಗೋಡೆ ಪಕ್ಕದಲ್ಲಿ.”

ಇನ್ನೊಂದು ಮೆಟ್ಟಿಲು ಹತ್ತಿದಳು. ಮತ್ತೊಂದು. ಎಲ್ಲ ಗುಳಿಗಳೂ ಗೋಡೆಗಂಟಿಯೇ ಇದ್ದವು. ಅವಳು ಭುಜವನ್ನು ಗೋಡೆಗೆ ಒರಗಿಸಿ, ತಟ್ಟೆ ಹಿಡಿದವಳಂತೆ ಎರಡೂ ಕೈ ಮುಂದೆ ಚಾಚಿದಳು. ಪಾದ ತಾನಾಗಿಯೇ ಗುಳಿಯೊಳಗೆ ಕೂತಿತು.

“ಹೊರೆ ಹೊತ್ಕೊಂಡು ಹತ್ತಿದಾರೆ ಹ್ಯಾಮಿಶ್. ಕಾಲ ಕೆಳಗೆ ಏನಿದೆ ಅಂತ ಅವರಿಗೂ ಕಾಣ್ತಿರ್ಲಿಲ್ಲ. ಗೋಡೆ ನಂಬ್ಕೊಂಡು, ನನ್ನ ಹಾಗೇ. ಎಷ್ಟು ಹೆಣ್ಮಕ್ಕಳು, ಎಷ್ಟು ಸಲ ಹತ್ತಿರಬೇಕು, ಕಲ್ಲು ಇಷ್ಟು ಕರಗೋಕೆ.”

ಅವಳ ಬಾಯಿ ಪುಟ್ಟ ಹುಡುಗಿಯ ಹಾಗೆ ತೆರೆದೇ ಇತ್ತು. ಕೆನ್ನೆ ಮೇಲೆ ನೀರಿಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ.

“ಬಂತು,” ಎಂದಳು, ಪಿಸುಮಾತಿನಲ್ಲಿ.

ಹ್ಯಾಮಿಶ್ ತನ್ನ ಬೂಟನ್ನೂ ಕಾಲುಚೀಲವನ್ನೂ ಕಿತ್ತು, ಅವಳು ಬಿಟ್ಟ ಗುಳಿಯಲ್ಲಿ ಪಾದ ಇಟ್ಟ. ಕಲ್ಲಿನಲ್ಲಿ ಇನ್ನೂ ಅವಳ ಕಾಲಿನ ಬಿಸಿ ಇತ್ತು. ಅದರ ಕೆಳಗೆ ನೂರು ವರ್ಷದ ಕಾಲುಗಳು. ನಾಲ್ಕು ವರ್ಷ ಇದೇ ಮೆಟ್ಟಿಲು ಹತ್ತಿ ಇಳಿದಿದ್ದಾನೆ, ಒಂದು ದಿನವೂ ಇದು ಅವನಿಗೆ ತಿಳಿದಿರಲಿಲ್ಲ. ಮೈ ಜುಮ್ಮೆಂದಿತು. ಮನೆ ತೋರಿಸಿದ್ದು ಯಾರು, ನೋಡಿದ್ದು ಯಾರು ಎಂದು ಅವನಿಗೇ ತಿಳಿಯಲಿಲ್ಲ. ಈ ಹೆಣ್ಣಿಗೆ ತಾನು ಮನಸೋತಿದ್ದೇನೆ ಎಂಬುದೊಂದು ಮಾತ್ರ ಚೆನ್ನಾಗಿ ತಿಳಿಯಿತು.

ಅರ್ಧ ಹತ್ತುವಷ್ಟರಲ್ಲಿ ಹೊರಗೆ ಅಕ್ಕನ ಕಾರು ಹಾರ್ನ್ ಹೊಡೆಯಿತು. ಒಲ್ಲದ ಮನಸ್ಸಿನಿಂದ ಇಬ್ಬರೂ ಇಳಿದು ಬಾಗಿಲಿಗೆ ಬಂದರು.

“ಮೇಲಿನ ಮೆಟ್ಟಿಲು ಬಾಕಿ ಇವೆ. ಮುಂದಿನ ಶನಿವಾರ ಬರ್ತೀನಿ,” ಎಂದಳು ಮೆರಿನ್.

ಬನ್ನಿ ಅನ್ನಲು ಅವನ ನಾಲಿಗೆ ತುದಿಗಾಲಲ್ಲಿ ನಿಂತಿತ್ತು. ಇವಳಿಗೆ ಇನ್ನೊಂದು ಸುಳ್ಳು ಹೇಳುವುದುಂಟೇ?

“ಚಳಿಗಾಲಕ್ಕೆ ಇವತ್ತೇ ಮನೆ ಮುಚ್ತಾರೆ. ಇನ್ನು ಚಳಿ ಮುಗಿದು ಸೆಪ್ಟೆಂಬರಿಗೇ ತೆಗೆಯೋದು.”

ಮೆರಿನ್ ಕಾರಿನ ಕಡೆ ಒಂದು ಹೆಜ್ಜೆ ಇಟ್ಟವಳು ಅವನತ್ತ ತಿರುಗಿದಳು.

“ಮನೆ ಮುಚ್ಚಿರ್ಲಿ,” ಎಂದಳು. “ನೀನು ಎಲ್ಲಿರ್ತೀಯಾ?”

ಅಲ್ಲಿಯವರೆಗೂ ಅವನು ಅವಳಿಗೆ ‘ನೀವು’ ಆಗಿದ್ದ.