ಬೀಗ ಹಾಕಿದ ಕೈ

"ಸಾರ್, ಬೈದ್ರೂ ಪರವಾಗಿಲ್ಲ. ಆ ಬೀಗ ಮಾತ್ರ ಹಾಕ್ಬೇಡಿ."

ಕಾವಲುಗಾರ ತಾತನ ಮಾತಿಗೆ ಹೊಸ ಸೂಪರ್‌ವೈಸರ್ ನಕ್ಕುಬಿಟ್ಟ. ಹೊಲಿಗೆ ಕಾರ್ಖಾನೆಯ ಹಿಂಬದಿಯ ಹಾಲ್. ಕಬ್ಬಿಣದ ಬಾಗಿಲು, ಕಿಟಕಿಗಳಿಗೆಲ್ಲ ಜಾಲರಿ. ಹೆಂಗಸರು ತುಂಡು ಬಟ್ಟೆ ಕದಿಯುತ್ತಾರೆ, ಕೆಲಸ ಮುಗಿಯುವವರೆಗೆ ಹೊರಗಿನಿಂದ ಬೀಗವಿರಲಿ ಎಂದು ಸಾಹುಕಾರ ಬೆಳಿಗ್ಗೆಯೇ ಹೇಳಿದ್ದ.

"ಯಾಕೆ ತಾತ, ಬೀಗ ಕಚ್ಚುತ್ತಾ?"

"ಹೋದ ವರ್ಷ ಇಲ್ಲಿ ಬೆಂಕಿ ಬಿತ್ತು. ಹೊರಗಿಂದ ಬೀಗ. ಬಟ್ಟೆ ಕಟಿಂಗ್ ಮಾಡ್ತಿದ್ದವನು ಒಳಗೇ ಸುಟ್ಟು ಹೋಗ್ಬಿಟ್ಟ. ಅವನ ಹೆಂಡ್ತಿ ಈ ಹೊಸ್ತಿಲಿಗೆ ಅಂಗೈ ಬಡಿದು ಶಾಪ ಹಾಕಿದ್ಲು. ಈ ಬಾಗಿಲಿಗೆ ಬೀಗ ಹಾಕಿದ ಕೈ ಮತ್ತೆ ಬಿಚ್ಚದೇ ಇರ್ಲಿ ಅಂತ. ಆಮೇಲೆ ಯಾರೂ ಹಾಕಿಲ್ಲ."

"ಎಲ್ಲಿದ್ದಾಳೆ ಆ ಮಹಾತಾಯಿ?"

"ಒಳಗೇ ಇದ್ದಾಳೆ. ಇಸ್ತ್ರಿ ಮಾಡ್ತಾಳೆ. ಹೊಟ್ಟೆಪಾಡು ಸಾರ್."

ಅವನು ಒಳಕ್ಕೆ ಇಣುಕಿದ. ಎಣ್ಣೆ, ಬೆವರು, ಬಿಸಿ ಬಟ್ಟೆಯ ವಾಸನೆ. ಮೂಲೆಯಲ್ಲಿ ಆಕೆ ಅಂಗಿಯ ಕಾಲರ್ ಒತ್ತುತ್ತಿದ್ದಳು.

"ಏನಕ್ಕಾ, ನಿನ್ನ ಶಾಪಕ್ಕೆ ಗ್ಯಾರಂಟಿ ಎಷ್ಟು ವರ್ಷ?"

ಹೊಲಿಗೆ ಯಂತ್ರಗಳು ಒಂದೊಂದಾಗಿ ನಿಂತವು. ಆಕೆ ತಲೆಯೆತ್ತಲಿಲ್ಲ.

"ನಗಿ. ನಗೋರಿಗೇನು? ಸುಟ್ಟುಹೋಗಿದ್ದು ನಮ್ಮನೆಯವರು ತಾನೇ."

ಅವನು ಬಾಗಿಲೆಳೆದು ಬೀಗ ಜಡಿದ. ಕೀ ತೆಗೆದು ಅಂಗೈಯಲ್ಲಿ ಹಿಡಿದ. ಬೆರಳುಗಳು ಅದರ ಮೇಲೆ ಮಡಚಿಕೊಂಡವು.

ಮಡಚಿದವು ಮಡಚಿಯೇ ಉಳಿದವು.

ಸ್ನಾಯು ಹಿಡಿದಿರಬೇಕೆಂದು ಕೈ ಒದರಿದ. ಎಡಗೈಯಿಂದ ಹೆಬ್ಬೆರಳನ್ನು ಎಬ್ಬಿಸಲು ನೋಡಿದ. ಅದು ತಣ್ಣಗಿತ್ತು, ಕಬ್ಬಿಣದ ಹಾಗೆ. ಉಗುರುಗಳು ತಾವಾಗಿಯೇ ಅಂಗೈಯೊಳಕ್ಕೆ ಇಳಿಯತೊಡಗಿದವು. ಮುಷ್ಟಿಯ ಸಂದಿಯಿಂದ ತುಕ್ಕಿನ ವಾಸನೆ ಬಂತು.

ಆಮೇಲೆ ಇನ್ನೊಂದು ವಾಸನೆ. ಸುಟ್ಟ ವೈರು. ಸುಟ್ಟ ಬಟ್ಟೆ.

ಬಾಗಿಲ ಕೆಳಗಿಂದ ಹೊಗೆ ತೆವಳಿ ಬಂತು. ಒಳಗೆ ಕಿರುಚಾಟ. ಕಬ್ಬಿಣದ ಮೇಲೆ ಅಂಗೈಗಳ ಬಡಿತ.

"ಇನ್ನೊಂದು ಕೀ ಎಲ್ಲಿ ತಾತ?"

"ಸಾವ್ಕಾರ್ರ ಮನೇಲಿ!" ತಾತ ಫೋನು ಕಿವಿಗಿಟ್ಟುಕೊಂಡ.

ಸೂಪರ್‌ವೈಸರ್ ಬಾಗಿಲ ಸಂದಿಗೆ ಬಾಯಿಟ್ಟ. "ಅಕ್ಕಾ! ನಿನ್ನ ಕಾಲಿಗೆ ಬೀಳ್ತೀನಿ. ಶಾಪ ವಾಪಸ್ ತಗೋ! ಕೀ ನನ್ನ ಮುಷ್ಟೀಲಿದೆ!"

ಕೆಮ್ಮು. ಮತ್ತೆ ಕೆಮ್ಮು. "ಆಗಲ್ಲಪ್ಪಾ... ಹಾಕೋಕೆ ಬಂತು. ತೆಗಿಯೋಕೆ ನಂಗೆ ಬರಲ್ಲ."

ತಾತ ಸುತ್ತಿಗೆ ತಂದು ಬೀಗಕ್ಕೆ ಹೊಡೆದ; ಅದು ಜಗ್ಗಲಿಲ್ಲ. ಒಳಗೆ ಬಡಿತ ಕಡಿಮೆಯಾಗುತ್ತಿತ್ತು. ಅವನು ಮುಷ್ಟಿಯನ್ನು ಕಲ್ಲಿನ ಮೆಟ್ಟಿಲ ಮೇಲಿಟ್ಟ.

"ಈಗ ಇದಕ್ಕೆ ಹೊಡಿ."

"ಅಯ್ಯೋ, ಬೇಡಿ ಸಾರ್..."

"ಹೊಡಿಯೋ!"

ತಾತ ಹೊಡೆದ. ಬಿಚ್ಚಲಿಲ್ಲ. ಮತ್ತೆ ಹೊಡೆದ. ಎಲುಬು ಲಟಕ್ಕೆಂದಿತು. ಮತ್ತೆ. ಬೆರಳುಗಳು ಒಂದೊಂದಾಗಿ ಮುರಿದವು. ಕೊನೆಗೆ, ರಕ್ತದಲ್ಲಿ ನೆಂದ ಕೀ ಕಲ್ಲಿನ ಮೇಲೆ ಬಿತ್ತು. ಅದನ್ನೆತ್ತಿ ತಾತ ಬೀಗ ತೆಗೆದ; ಕೀ ಕೈಜಾರಿ ನೆಲಕ್ಕೆ ಬಿತ್ತು.

ಹೆಂಗಸರು ಹೊಗೆಯ ಜೊತೆ ಉರುಳಿಕೊಂಡು ಹೊರಬಂದರು. ಬಕೆಟ್ಟುಗಳಲ್ಲಿ ನೀರೆರಚಿ ಬೆಂಕಿ ಆರಿಸಿದರು. ಇಸ್ತ್ರಿಯ ಅಕ್ಕ ಅವನ ಪಕ್ಕ ಕುಸಿದು ಕೂತು, ಅರ್ಧ ಸುಟ್ಟ ಅಂಗಿಯೊಂದನ್ನು ಹರಿದು ಅವನ ಕೈಗೆ ಸುತ್ತಿದಳು.

ಅಷ್ಟರಲ್ಲಿ ಸಾಹುಕಾರನ ಕಾರು ಬಂತು.

"ಯಾರಾದ್ರೂ ಸತ್ರಾ? ಇಲ್ವಲ್ಲ? ಮತ್ಯಾಕೆ ಈ ಗೋಳು?" ಅವನು ತೆರೆದ ಬಾಗಿಲನ್ನು ನೋಡಿದ. "ಹೊಗೆ ನೆಪದಲ್ಲಿ ಎಷ್ಟು ಬಟ್ಟೆ ಹೊರಗೆ ಹೋಯ್ತೋ! ಒಂದು ಬೀಗ ಹಾಕೋ ಯೋಗ್ಯತೆ ಇಲ್ವೇನೋ ನಿಂಗೆ?"

ಬಗ್ಗಿ ಕೀ ಎತ್ತಿಕೊಂಡು, ಕರವಸ್ತ್ರದಲ್ಲಿ ರಕ್ತ ಒರೆಸಿದ. ಬಾಗಿಲನ್ನು ದಡಾರನೆ ಎಳೆದ.

ತಾತ ಬಾಯಿ ತೆರೆದ. ಸೂಪರ್‌ವೈಸರ್ ತನ್ನ ಎಡಗೈಯಿಂದ ಅವನ ತೋಳನ್ನು ಬಲವಾಗಿ ಅದುಮಿ ಹಿಡಿದ. ಮಸಿ ಮೆತ್ತಿದ ಮುಖಗಳು ಅಂಗಳದ ತುಂಬ ಎವೆಯಿಕ್ಕದೆ ನೋಡುತ್ತಿದ್ದವು. ಒಬ್ಬಳೂ ಕೆಮ್ಮಲಿಲ್ಲ.

ಸಾಹುಕಾರ ಕೀ ತಿರುಗಿಸಿದ.