ನಡುವೆ ನಿಂತ ಸ್ಯಾಕ್ಸೊಫೋನ್

"ಊಟ ಆದ್ರೂ ಪೂರಾ ಮಾಡ್ತೀರೋ, ಇಲ್ಲಾ ಅರ್ಧಕ್ಕ ಎದ್ದು ಹೋಗ್ತೀರೋ?"

ಶಲವಡಿಯ ಮದುವೆ ಪೆಂಡಾಲಿನಲ್ಲಿ, ಎಂಟು ವರ್ಷಗಳ ನಂತರ, ಅರ್ಫಾ ನನಗೆ ಹೇಳಿದ ಮೊದಲ ಮಾತು ಇದು. ನಾನು ರೊಟ್ಟಿ ಮುರಿಯುತ್ತಿದ್ದೆ. ಬ್ಯಾಂಡಿನ ಕೆಂಪು ಕೋಟು ಮತ್ತು ನನ್ನ ಸ್ಯಾಕ್ಸೊಫೋನ್ ಪಕ್ಕದ ಕುರ್ಚಿಯ ಮೇಲಿದ್ದವು. ತಲೆ ಎತ್ತಿದರೆ ಒಂದು ಕಣ್ಣನ್ನು ತುಸು ಸಣ್ಣದು ಮಾಡಿ ನೋಡುವ ಅದೇ ಅಭ್ಯಾಸ. ಮುರಿದ ರೊಟ್ಟಿ ಕೆಳಗಿಟ್ಟೆ.

"ಪುಣೆಯಿಂದ ಯಾವಾಗ ಬಂದ್ರಿ?" ಎಂದೆ. ಅವಳು 'ರಿ' ಹಚ್ಚಿದ್ದಕ್ಕೆ ನಾನೂ ಹಚ್ಚಿದೆ. ಸಿಟ್ಟು ಬಂದಾಗ ಮರ್ಯಾದೆ ಹೆಚ್ಚಾಗುವುದು ನಮ್ಮಿಬ್ಬರ ಹಳೆಯ ರೋಗ.

"ಅಬ್ಬಾಗ ಸೊಂಟ ಹಿಡದೈತಿ. ತಿಂಗಳಿಂದ ಅಂಗಡಿ ನಾನ ನೋಡ್ಕೊಂಡೀನಿ. ಇವತ್ತಿನ ಡಿಜೆ ನಾನ. ನಾಳೆ ಹೊಂಟೇನಿ."

ಅವಳ ತಂದೆಯದು ಅಣ್ಣಿಗೇರಿಯಲ್ಲಿ ಮೈಕ್ ಅಂಗಡಿ. ಅದರ ಹಿಂದಿನ ಕೋಣೆಯಲ್ಲೇ ಅವಳು ಇಯರ್‌ಫೋನಿನ ಒಂದು ತುದಿ ನನ್ನ ಕಿವಿಗೆ, ಇನ್ನೊಂದು ತನ್ನ ಕಿವಿಗೆ ಇಟ್ಟು ಜಂಗಲ್ ಕೇಳಿಸಿದ್ದು. ಹಳೆಯ ರೆಕಾರ್ಡುಗಳ ಡ್ರಮ್ಮನ್ನು ಚೂರು ಚೂರು ಕತ್ತರಿಸಿ, ವೇಗ ಏರಿಸಿ, ಲಂಡನ್ನಿನ ಹುಡುಗರು ಕಟ್ಟಿದ ಸಂಗೀತವಂತೆ. ಡ್ರಮ್ಮು ಎದ್ದೆನೋ ಬಿದ್ದೆನೋ ಎಂದು ಓಡುತ್ತಿತ್ತು. ಕೆಳಗೆ ಬೇಸು ಹೇರು ತುಂಬಿದ ಚಕ್ಕಡಿಯ ಹಾಗೆ ನಿಧಾನ ಸಾಗುತ್ತಿತ್ತು. ಎರಡರ ಮೇಲೆ ಜಾಝಿನ ಸ್ಯಾಕ್ಸೊಫೋನ್, ಯಾವ ಗಡಿಬಿಡಿಯೂ ಇಲ್ಲದೆ.

"ಇದಕ್ಕ ಹೆಂಗ ಕುಣಿತಾರ?" ಎಂದು ಕೇಳಿದ್ದೆ.

"ಅವಸರ ಇದ್ದವರು ಡ್ರಮ್ ಹಿಡೀಬೇಕು, ಇಲ್ಲದವರು ಬೇಸ್ ಹಿಡೀಬೇಕು. ಇಬ್ಬರೂ ಒಂದ ಹಾಡಿನಾಗ ಇರ್ತಾರ."

ಅವಳು ಡ್ರಮ್ ಹಿಡಿದಳು, ನಾನು ಬೇಸ್. ವೈರು ಗಿಡ್ಡವಾಗಿತ್ತು. ಅವಳ ಕೂದಲಿನ ಎಣ್ಣೆಯ ವಾಸನೆ ಇವತ್ತಿಗೂ ನೆನಪಿದೆ. ವೈರು ಇನ್ನಷ್ಟು ಗಿಡ್ಡ ಇರಬಾರದಿತ್ತೇ ಎಂದು ಅಂದುಕೊಂಡಿದ್ದೂ ನೆನಪಿದೆ.

ಆ ಬೇಸಿಗೆಯಲ್ಲಿ ಕಿಟಕಿಗೆ ಕೌದಿ ಕಟ್ಟಿ ನನ್ನ ಸ್ಯಾಕ್ಸೊಫೋನ್ ರೆಕಾರ್ಡ್ ಮಾಡಿಕೊಂಡಳು. ಊದುವಾಗ ನನ್ನ ಗಲ್ಲ ಉಬ್ಬುವುದನ್ನು ನೋಡಿ ನಕ್ಕು ನಕ್ಕು ಹತ್ತು ಸಲ ಕೆಡಿಸಿದಳು. ಕೊನೆಗೆ ಅದನ್ನು ಡ್ರಮ್ಮು, ಬೇಸಿನ ಮೇಲೆ ಕೂರಿಸಿ ತನ್ನದೇ ಒಂದು ಜಂಗಲ್ ಹಾಡು ಕಟ್ಟಿದಳು. "ಈ ಹಾಡು ಯಾರಿಗೂ ಕೊಡಂಗಿಲ್ಲ. ಒಂದ ಕಾಪಿ, ನನ್ನ ಹತ್ರ. ಡಿಜೆಗೋಳ ರಿವಾಜು ಅದು," ಎಂದಳು. ನನಗೆ ಅದು ನಿಕಾಹ್‌ಗೆ ಒಪ್ಪಿದಷ್ಟೇ ಆಯಿತು.

ಮುಂದೆ ಅವಳು ಡಿಜೆ ಆಗಲು ಪುಣೆಗೆ ಹೋದಳು. ಅಲ್ಲಿನ ಕ್ಲಬ್ಬಿನಲ್ಲಿ ಅವಳ ಮೊದಲ ದೊಡ್ಡ ಕಾರ್ಯಕ್ರಮಕ್ಕೆ, ಇದೇ ಕೋಟಿನ ಜರಿ ಬಿಚ್ಚಿಸಿ ಹಾಕಿಕೊಂಡು ಹೋದೆ. ರೈಲಿನುದ್ದಕ್ಕೂ ಒಂದೇ ಮಾತು ಬಾಯಿಪಾಠ ಮಾಡಿದ್ದೆ. ಬಾಗಿಲ ಹತ್ತಿರ ನಿಂತೆ. ಅವಳು ಹಾಕಿದ ಆ ಹಾಡಿನಲ್ಲಿ ನನ್ನ ಸ್ಯಾಕ್ಸೊಫೋನ್ ಶುರುವಾಗಿ ಅರ್ಧ ನಿಮಿಷವೂ ಆಗಿರಲಿಲ್ಲ, ಜನ ಕೂಗಿದರು, ಗೋಡೆ ಬಡಿದರು. ಅರ್ಫಾ ಅಂಗೈ ಎತ್ತಿ ಹಾಡು ನಿಲ್ಲಿಸಿಬಿಟ್ಟಳು.

ಬ್ಯಾಂಡಿನವನಿಗೆ ಅದರ ಅರ್ಥ ಯಾರೂ ಹೇಳಿಕೊಡಬೇಕಿಲ್ಲ. ಮದುವೆಯಲ್ಲಿ ಜನ ಕೂಗಿ, ಹಿರಿಯರು ಕೈ ಎತ್ತಿದರೆ, ಊದಿದ್ದು ಸಾಕು ಎಂದೇ. ಹೊರಬಿದ್ದೆ. ಆ ದಪ್ಪ ಬಾಗಿಲು ಹಿಂದೆ ಮುಚ್ಚಿಕೊಂಡಿತು, ಒಳಗಿನ ಸದ್ದು ಅಲ್ಲಿಗೇ ಕಡಿಯಿತು. ಬಸ್ ಸ್ಟ್ಯಾಂಡ್ ತಲುಪುವ ಮೊದಲೇ ಫೋನ್ ಆಫ್, ಊರಿಗೆ ಬಂದ ಮೇಲೆ ಹೊಸ ಸಿಮ್. ಮನೆಯವರು ಎರಡು ಕಡೆ ಹೆಣ್ಣು ನೋಡಿದರು, ಇಲ್ಲದ ನೆಪ ಹೇಳಿ ತಪ್ಪಿಸಿಕೊಂಡೆ. ಅವಳನ್ನು ಮರೆಯಲು ನನ್ನಿಂದ ಆಗಲಿಲ್ಲ, ಅಷ್ಟೇ.

ಊಟವಾದ ಮೇಲೆ ಅವಳು ಮಿಕ್ಸರಿನ ಹಿಂದೆ ನಿಂತಳು. ಎರಡು ಕುಣಿತದ ಹಾಡು ಮುಗಿದವು. ಮೂರನೆಯದರಲ್ಲಿ ಡ್ರಮ್ಮು ಓಡಿತು, ಬೇಸು ನಡೆಯಿತು, ಮೇಲೆ ನಾನು. ಇಪ್ಪತ್ತೆರಡು ವರ್ಷದ ನಾನು.

ನಮ್ಮ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ ಬಾರಿಸುವ ಮೈಲಾರಪ್ಪ ಕಾಕಾ ಹರೆಯದಲ್ಲಿ ಕಂಪನಿ ನಾಟಕಗಳಿಗೆ ಬಾರಿಸಿದವರು. ಎಲೆ ಅಡಿಕೆ ಕೆಳಗಿಟ್ಟು, ಕುರ್ಚಿ ಬಡಿದು, "ಒನ್ಸ್ ಮೋರ್" ಎಂದು ಕೂಗಿದರು.

ಅರ್ಫಾ ಅಂಗೈ ಎತ್ತಿದಳು. ಹಾಡು ಅಲ್ಲೇ ನಿಂತಿತು. ಕಾಲಿನ ಅಭ್ಯಾಸಕ್ಕೆ ನಾನು ಎದ್ದು ನಿಂತೆ. ಮರುಗಳಿಗೆ ಅದೇ ಹಾಡು ಮೊದಲಿನಿಂದ ಶುರುವಾಯಿತು, ಪೆಂಡಾಲಿನ ತುಂಬ ಕೇಕೆ.

ಅವಳು ಮಿಕ್ಸರ್ ಬಿಟ್ಟು ನನ್ನೆದುರು ಬಂದಳು.

"ಕಾಕಾ, ನಾಟಕದಾಗ ಒನ್ಸ್ ಮೋರ್ ಅಂದ್ರ ಏನ್ ಮಾಡ್ತಿದ್ರು?"

"ಹೊಳ್ಳಿ ಮೊದಲಿಂದ ಹಾಡ್ತಿದ್ರು ಯವ್ವಾ. ಕಲಾವಿದಗ ಅದಕ್ಕಿಂತ ದೊಡ್ಡ ಮರ್ಯಾದಿ ಇಲ್ಲ."

"ಜಂಗಲ್‌ನಾಗೂ ಅದ ಪದ್ಧತಿ. ಹಾಡು ಮುಗಿಯೂತನಕ ತಡಿಯಂಗಿಲ್ಲ, ನಡುವ ನಿಲ್ಲಿಸಿ ಹೊಳ್ಳಿ ಹಾಕಸ್ತಾರ," ಎಂದು ನನ್ನನ್ನೇ ನೋಡುತ್ತ ಹೇಳಿದಳು. "ಅವತ್ತು ಮೂರು ಸಲ ಹಾಕಿಸಿದ್ರು. ಊದಿದಾಂವ ಅಲ್ಲೇ ನಿಂತಾನ ಅಂತ ಎಲ್ಲಾರಿಗೂ ತೋರಿಸಿದೆ. ಬರೇ ಬಾಗಲಾ ಇತ್ತು."

"ನನ್ನ ಹಾಡಿಗೆ ನೀ ನಾಚಿಕೊಂಡಿ ಅಂತ ತಿಳದೆ."

"ಕ್ಲಬ್ಬಿನ ಹುಡುಗಿ ಅಂತ ನೀನ ನಾಚಿಕೊಂಡಿ ಅಂತ ನಾ ತಿಳದೆ." 'ರಿ' ಯಾವಾಗಲೋ ಉದುರಿಹೋಗಿತ್ತು, ಧ್ವನಿ ಒಡೆದಿತ್ತು. "ಇನ್ನೂ ಒಂದ ಕಾಪಿ ಐತಿ, ಶಾಹಿದ್. ಹಾಡು ಕೇಳಿದವರಿಗೂ ಇಲ್ಲ ಅಂದೆ, ನನ್ನ ಕೇಳಾಕ ಬಂದವರಿಗೂ ಇಲ್ಲ ಅಂದೆ."

ನಾಳೆ ಇವಳು ಹೋಗುತ್ತಾಳೆ. ರೈಲಿನಲ್ಲಿ ಬಾಯಿಪಾಠ ಮಾಡಿದ ಮಾತು ಒಂದಕ್ಷರವೂ ಮರೆತಿರಲಿಲ್ಲ.

"ಅರ್ಫಾ, ನನ್ನ ಹತ್ರ ಈ ಪೀಪಿ ಬಿಟ್ರ ಏನೂ ಇಲ್ಲ. ಆದ್ರ ನೀ ಹೂಂ ಅಂದ್ರ, ನಾ..."

ಅವಳು ಅಂಗೈ ಎತ್ತಿದಳು.

ಅದೇ ಕೈ. ಕಾಲುಗಳು ಹೊರಡಲು ತಯಾರಾದವು. ಈ ಸಲ ನಾನು ಹೋಗಲಿಲ್ಲ, ಕುರ್ಚಿಯ ಬೆನ್ನು ಗಟ್ಟಿಯಾಗಿ ಹಿಡಿದು ಅಲ್ಲೇ ನಿಂತೆ.

ಅವಳು ದುಪಟ್ಟಾದಿಂದ ಕಣ್ಣೊರೆಸಿಕೊಂಡು, ಒಂದು ಕಣ್ಣನ್ನು ಸಣ್ಣದು ಮಾಡಿ ನೋಡಿದಳು.

"ಮೊದಲಿಂದ ಹೇಳು," ಎಂದಳು.