ಬದಲಾದ ಅರ್ಧ ಕ್ಯೂ

ಮೂರು ಸುತ್ತು ತಿರುಗಿತು, ನಿಂತಿತು. ಚಾಂಪಿಯನ್ ಹುಡುಗಿ ತನ್ನ ಕ್ಯೂನ, ಎಂದರೆ ಪೂಲ್ ಆಡುವ ಕೋಲಿನ, ಎರಡು ಅರ್ಧಗಳನ್ನು ಬಿಚ್ಚಿ ಮತ್ತೆ ತಿರುಗಿಸಿದಳು. ಮತ್ತೆ ಅಲ್ಲಿಗೇ ನಿಂತಿತು.

"ಇದು ನನ್ನದಲ್ಲ," ಎಂದಳು. "ಹಿಂದಿನ ಅರ್ಧ ನಂದೇ. ಮುಂದಿನ ಅರ್ಧ ಯಾರೋ ಬದಲಾಯಿಸಿದಾರೆ."

ಆಗ ಬೆಳಿಗ್ಗೆ ಹತ್ತು ಗಂಟೆ. ಹನ್ನೆರಡಕ್ಕೆ ಪೂಲ್ ಕ್ಲಬ್ಬಿನ ಕೊನೆಯ ಪಂದ್ಯಗಳು. ಹತ್ತೂವರೆಯ ಹೊತ್ತಿಗೆ ಕಳ್ಳಿ ಸಿಕ್ಕಿಯೂ ಆಗಿತ್ತು. ಸಿಕ್ಕಿದಳೆಂದು ಹೇಳಿದವರು ಕ್ಲಬ್ಬಿನ ಕಾರ್ಯದರ್ಶಿ. ಅವರು ಬೆರಳು ತೋರಿಸಿದ್ದು ನೆಲ ಒರೆಸುವ ದೊಡ್ಡಕ್ಕನ ಕಡೆಗೆ.

"ಬೆಳಿಗ್ಗೆ ಲಾಕರ್ ಕೋಣೆಯಲ್ಲಿ ಇದ್ದೋಳು ಇವಳು. ಇನ್ಯಾರನ್ನ ಕೇಳ್ಬೇಕು? ಪಂದ್ಯಕ್ಕೆ ಮೊದಲೇ ಕೆಲಸ ಬಿಟ್ಟು ಹೋಗ್ಲಿ. ಇಲ್ಲಾಂದ್ರೆ ಪೊಲೀಸರು ಬರ್ತಾರೆ."

ಸದಸ್ಯರು ಇಪ್ಪತ್ತು ಜನ ಸುಮ್ಮನೆ ನಿಂತಿದ್ದರು. ಹನ್ನೊಂದು ವರ್ಷ ಆಕೆ ಒರೆಸಿದ ನೆಲದ ಮೇಲೆ ನಿಂತು ಒಬ್ಬರಾದರೂ ತುಟಿ ಬಿಚ್ಚಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಆದರೆ ನಾನು ಪೂಲ್ ಟೇಬಲ್‌ಗಳಿಗೆ ಹಸಿರು ಬಟ್ಟೆ ಬಿಗಿಯುವವನು. ನನ್ನ ಮಾತಿಗೆ ಅಲ್ಲಿ ಮೂರು ಕಾಸಿನ ಬೆಲೆಯೂ ಇಲ್ಲ. ಓಡಿಹೋಗಿ ಅತ್ತಿಗೆಯನ್ನು ಕರೆತಂದೆ.

ಊರಿನ ಕ್ಯೂಗಳೆಲ್ಲ ರಿಪೇರಿಗೆ ಬರುವುದು ಅತ್ತಿಗೆಯ ಹತ್ತಿರವೇ. ಮರ ಕಡೆಯುವ ಲೇತ್ ಯಂತ್ರ ತಂದವನು ನಮ್ಮಣ್ಣ, ಕೆಲಸ ಕಲಿತವರು ಅತ್ತಿಗೆ. ಅಣ್ಣ ಈಗಲೂ ಅದರ ಪಕ್ಕದಲ್ಲಿ ಕೂತು ಪೇಪರ್ ಓದುತ್ತಾನೆ.

ಅತ್ತಿಗೆ ಮೊದಲು ದೊಡ್ಡಕ್ಕನ ಮುಂದೆ ಕುರ್ಚಿ ಎಳೆದುಕೊಂಡು ಕೂತರು.

"ಬೆಳಿಗ್ಗೆ ಎಷ್ಟೊತ್ತಿಗೆ ಬಂದ್ರಿ ದೊಡ್ಡಕ್ಕ?"

"ಆರೂವರೆಗೆ ಕಣಮ್ಮ. ಲಾಕರ್ ಕೋಣೆ ಒರೆಸ್ದೆ, ಆಚೆ ಬಂದೆ. ಯಾರ ಪೆಟ್ಟಿಗೇನೂ ಮುಟ್ಟಿಲ್ಲ."

"ಆಮೇಲೆ ಯಾರು ಬಂದ್ರು?"

"ಕೋಚ್ ಸಾರ್ ಬಂದ್ರು. ಅವರ ಹಿಂದೇನೇ ಈ ಕಾರ್ಯದರ್ಶಿ ಸಾರೂ ಬಂದ್ರು. ಇಬ್ರೂ ಅಭ್ಯಾಸ ಮಾಡ್ಬೇಕು ಅಂದ್ರು."

"ನೋಡಿದ್ರಾ?" ಎಂದರು ಕಾರ್ಯದರ್ಶಿ. "ಕುಣಿಯೋಕೆ ಬರದೋರು ನೆಲ ಡೊಂಕು ಅಂದ ಹಾಗಾಯ್ತು. ತಾನು ಸಿಕ್ಕಿಬಿದ್ದು ನಮ್ಮ ಮೇಲೆ ಹಾಕ್ತಾಳೆ."

ಅತ್ತಿಗೆ ತಲೆ ಎತ್ತಲಿಲ್ಲ. ಬದಲಾದ ಮುಂದಿನ ಅರ್ಧವನ್ನು ಟೇಬಲ್ ಮೇಲೆ ಉರುಳಿಸಿದರು. ಅದರ ತುದಿ ಎದ್ದೆದ್ದು ಬಿದ್ದಿತು.

"ಬಾಗಿದೆ," ಎಂದರು. "ಕದ್ದು ಮಾರೋರು ಕ್ಯೂ ಪೂರ್ತಿ ತಗೊಂಡು ಹೋಗ್ತಾರೆ. ಇಲ್ಲಿ ಒಳ್ಳೆ ಅರ್ಧ ಹೋಗಿದೆ, ಬಾಗಿರೋ ಅರ್ಧ ಬಂದಿದೆ. ಬಾಗಿರೋದು ದೊಡ್ಡಕ್ಕನಿಗೆ ಎಲ್ಲಿಂದ ಸಿಗ್ಬೇಕು? ಆಕೆ ಕೈಯಲ್ಲಿರೋದು ಒರೆಸೋ ಕೋಲು."

ಯಾರೋ ನಕ್ಕರು. ಅತ್ತಿಗೆ ನಗಲಿಲ್ಲ.

"ಇದನ್ನ ಇಟ್ಟೋನ ಹತ್ರ ಇದರ ಜೋಡಿ, ಹಿಂದಿನ ಅರ್ಧ ಇರ್ಲೇಬೇಕು. ಕೋಚ್ ಸಾರ್, ನಿಮ್ಮ ಕ್ಯೂ ತೋರಿಸಿ."

ಕೋಚ್ ಕೊಟ್ಟರು. ಅತ್ತಿಗೆ ಒಂದೂವರೆ ಸುತ್ತು ತಿರುಗಿಸುವಷ್ಟರಲ್ಲಿ ಅದು ಎರಡಾಗಿ ಕೈಗೆ ಬಂದಿತು.

"ಇದು ಬೇಗ ಬಿಚ್ಚೋ ಜಾಯಿಂಟು. ಎರಡು ಅರ್ಧ ಸೇರಿಸೋ ಪಿನ್ನಿನ ತುದಿಯಲ್ಲಿ ಮಾತ್ರ ಥ್ರೆಡ್, ಅಂದ್ರೆ ಸ್ಕ್ರೂ ಸುತ್ತು. ಬಾಗಿದ ತುಂಡು ಇದಕ್ಕೆ ಸೇರಲ್ಲ, ಹುಡುಗಿ ತುಂಡೂ ಸೇರಲ್ಲ. ಕೋಚ್‌ಗೆ ಕದ್ದು ಏನಾಗ್ಬೇಕು?" ಅತ್ತಿಗೆ ಕಾರ್ಯದರ್ಶಿಯತ್ತ ತಿರುಗಿದರು. "ನಿಮ್ಮದು?"

"ನನ್ನದು ಪಂದ್ಯಕ್ಕೆ ಜೋಡಿಸಿಟ್ಟಾಗಿದೆ. ಈಗ ಬಿಚ್ಚಲ್ಲ."

"ಬೇಡ. ನೋಡ್ತೀನಿ ಅಷ್ಟೇ. ನಡುವೆ ಈ ಕಪ್ಪು ಟೇಪು ಯಾಕೆ?"

"ಹಿಡಿತಕ್ಕೆ. ಕೈ ಬೆವರತ್ತೆ."

"ಯಾವ ಕೈ?"

ಕಾರ್ಯದರ್ಶಿ ತಮ್ಮ ಎರಡೂ ಕೈ ನೋಡಿಕೊಂಡರು.

"ಎಡಗೈ ಕ್ಯೂನ ತುದಿ ಹತ್ರ ಇರತ್ತೆ. ಬಲಗೈ ಬುಡದ ಹತ್ರ. ಆಡುವಾಗ ನಡುವಿನ ಜಾಯಿಂಟನ್ನ ಯಾವ ಕೈ ಹಿಡಿಯತ್ತೆ ಹೇಳಿ."

ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸಿತು. ಬೆಳಿಗ್ಗೆಯಿಂದ ಆ ಟೇಪನ್ನು ನಾನೂ ನೋಡಿದ್ದೆ, ಇಪ್ಪತ್ತು ಜನ ಆಟಗಾರರೂ ನೋಡಿದ್ದರು. ಎಲ್ಲರ ಕಣ್ಣಿಗೂ ಪೊರೆ ಬಂದಿತ್ತು — ಬಡವಳೊಬ್ಬಳು ಕಳ್ಳಿಯಾಗಿ ಸಿಕ್ಕಿದ್ದಳಲ್ಲ.

ಅತ್ತಿಗೆ ಟೇಪಿನ ತುದಿ ಹಿಡಿದು ಬಿಚ್ಚಿದರು. ಎರಡು ಅರ್ಧಗಳ ನಡುವೆ ಬೆರಳು ಹೋಗುವಷ್ಟು ಸಂದು. ಒಳಗೆ ಉಕ್ಕಿನ ಪಿನ್ನು ಹೊಳೆಯುತ್ತಿತ್ತು.

"ಈಗ ಬಿಚ್ಚಿ ಸಾರ್."

ಕಾರ್ಯದರ್ಶಿ ತಿರುಚಿದರು. ಮುಖ ಕೆಂಪಾಯಿತು. ಕ್ಯೂ ಅಲ್ಲಾಡಲಿಲ್ಲ.

"ಬರಲ್ಲ," ಎಂದರು ಅತ್ತಿಗೆ. "ಎರಡು ಕ್ಯೂಗಳ ಪಿನ್ನೂ ಒಂದೇ ದಪ್ಪ. ಆದ್ರೆ ಹುಡುಗಿದಕ್ಕೆ ಅಂಗುಲಕ್ಕೆ ಹತ್ತು ಥ್ರೆಡ್, ನಿಮ್ಮದಕ್ಕೆ ಹನ್ನೊಂದು. ಕಣ್ಣಿಗೆ ಗೊತ್ತಾಗಲ್ಲ, ತಿರುಗಿಸಿದ್ರೆ ಗೊತ್ತಾಗತ್ತೆ. ಹುಡುಗಿ ಮೂರನೇ ಸುತ್ತಿಗೆ ನಿಲ್ಲಿಸಿದ್ಲು. ನೀವು ಜೋರು ಮಾಡಿದ್ರಿ, ಅವಳ ಮರದ ಥ್ರೆಡ್ ಪುಡಿಯಾಗಿ ಕಚ್ಚಿಕೊಂಡ್ತು. ಕ್ಯೂ ಕೊಳ್ಳುವಾಗ ಭಾರ ನೋಡಿ, ಉರುಳಿಸಿ ನೇರ ಇದೆಯಾ ನೋಡಿ, ಜಾಯಿಂಟು ಕೇಳಿ ಅಂತ ಎಷ್ಟು ಸಲ ಹೇಳಿದೀನಿ? ನೀವು ಬುಡದ ಚಿತ್ರ ನೋಡಿ ತಗೊಂಡ್ರಿ. ಅದು ಬಾಗಿದಾಗ ಇವಳದ್ದಕ್ಕೆ ಕೈ ಹಾಕಿದ್ರಿ. ಅಷ್ಟಕ್ಕೇ ನಿಲ್ಲಿಸ್ಲಿಲ್ಲ. ತಪ್ಪು ಮುಚ್ಚೋಕೆ ದೊಡ್ಡಕ್ಕನ ಅನ್ನ ಕಿತ್ತುಕೊಳ್ಳೋಕೆ ಹೊರಟ್ರಿ. ಕಳ್ಳತನಕ್ಕಿಂತ ಇದು ಹೊಲಸು."

ಹುಡುಗಿ ಬಿಳುಚಿಕೊಂಡು ತನ್ನ ಕ್ಯೂ ನೋಡುತ್ತಿದ್ದಳು. ಕೋಚ್ ತಮ್ಮ ಕ್ಯೂ ಅವಳ ಕೈಗೆ ಕೊಟ್ಟು, ಪಂದ್ಯಗಳ ಪಟ್ಟಿಯಲ್ಲಿ ಕಾರ್ಯದರ್ಶಿಯ ಹೆಸರು ಹೊಡೆದುಹಾಕಿದರು.

ಕಾರ್ಯದರ್ಶಿ ದನಿ ತಗ್ಗಿಸಿದರು. "ಏನೋ ಗಡಿಬಿಡಿಯಲ್ಲಿ ಆಗೋಯ್ತು. ದೊಡ್ಡಕ್ಕ, ನೀನು ಹೋಗಿ ಕೆಲಸ ನೋಡು. ಆಮೇಲೆ ನನ್ನ ಕೋಣೆಗೆ ಬಾ, ಮಾತಾಡೋಣ."

"ಕೋಣೆಗೆ ಯಾಕೆ ಸಾರ್?" ಎಂದರು ದೊಡ್ಡಕ್ಕ. "ಕಳ್ಳಿ ಅಂದಿದ್ದು ಇಲ್ಲಿ, ಇಷ್ಟು ಜನರ ಎದುರಿಗೆ. ಅಲ್ಲ ಅನ್ನೋದೂ ಇಲ್ಲೇ ಆಗ್ಲಿ."

ಕಾರ್ಯದರ್ಶಿ ನೆಲ ನೋಡುತ್ತಾ ಏನೋ ಗೊಣಗಿದರು.

"ಹಿಂದೆ ನಿಂತೋರಿಗೆ ಕೇಳಿಸ್ಲಿಲ್ಲ ಸಾರ್."

ಅವರು ಎರಡನೇ ಸಲ ಹೇಳಬೇಕಾಯಿತು. ಕದ್ದದ್ದು ತಾನು, ದೊಡ್ಡಕ್ಕ ಅಲ್ಲ ಎಂದು ಕೊನೆಯ ಸಾಲಿನವರೂ ಕೇಳಿದರು. ಆಮೇಲೆ ದೊಡ್ಡಕ್ಕ ಸೆರಗಿಗೆ ಕೈ ಒರೆಸಿಕೊಂಡು ಮುಂದಿನ ಸಾಲಿನ ಕುರ್ಚಿಯಲ್ಲಿ ಹೋಗಿ ಕೂತರು.

"ಹನ್ನೊಂದು ವರ್ಷ ಆಯ್ತು, ಒಂದು ಪಂದ್ಯಾನೂ ನೋಡಿಲ್ಲ," ಎಂದರು. "ಇವತ್ತು ನೋಡೇ ಹೋಗ್ತೀನಿ."